ಗಾಳಿಯಿಲ್ಲದ ಅಂಕಣ

ಆ ಸಂಜೆ ಸುರಪುರದ ಅಂಕಣದಲ್ಲಿ ಗಾಳಿ ಬೀಸುತ್ತಿತ್ತು.

ಹೀಗೆ ಶುರು ಮಾಡಿ, ಮರುದಿನ ಓದಿ, ಹೊಡೆದುಹಾಕಿದೆ. ಗಾಳಿ ಇತ್ತೋ ಇಲ್ಲವೋ ಎನ್ನುವುದರ ಮೇಲೆಯೇ ಎಲ್ಲ ನಿಂತಿತ್ತು. ಅದನ್ನು ಮೊದಲ ಸಾಲಿನಲ್ಲೇ ಬೀಸಿಬಿಟ್ಟರೆ ಮುಂದೆ ಬರೆಯುವುದೆಲ್ಲ ಅದರ ಹಿಂದೆಯೇ ಹಾರಿಹೋಗುತ್ತದೆ. ಆದ್ದರಿಂದ ಖಾತ್ರಿ ಇರುವುದನ್ನು ಮೊದಲು ಹೇಳುತ್ತೇನೆ.

ನಮ್ಮದು ಮೂರು ಊರು ಕೂಡಿ ಕಟ್ಟಿದ ಬಾಸ್ಕೆಟ್‌ಬಾಲ್ ಕ್ಲಬ್. ಯಾದಗಿರಿ, ಶಹಾಪುರ, ಸುರಪುರ. ಒಂದೇ ಊರಿನಲ್ಲಿ ಒಂದು ತಂಡಕ್ಕಾಗುವಷ್ಟು ಉದ್ದದ ಮಂದಿ ಸಿಗಲಿಲ್ಲ, ಅದಕ್ಕೇ ಈ ಬೀಗತನ ಎಂದು ಮಾಸ್ತರ್ ನಗುತ್ತಿದ್ದರು. ಮಾಸ್ತರ್ ಎಂದರೆ ನಿವೃತ್ತ ಪಿ.ಟಿ. ಮಾಸ್ತರ್. ಕ್ಲಬ್ಬಿನ ಕಾರ್ಯದರ್ಶಿಯೂ ಅವರೇ, ಕೋಚೂ ಅವರೇ. ಪಂದ್ಯಕ್ಕೆ ಇಷ್ಟು ಎಂದು ಕೈಗೆ ಕೊಡುತ್ತಿದ್ದರು. ಅದರಲ್ಲಿ ಸಂಸಾರ ನಡೆಯದು, ಆದರೆ ಶೂ ಹರಿದರೆ ಮನೆಯಲ್ಲಿ ಕೇಳುವ ಪ್ರಸಂಗ ಬರುತ್ತಿರಲಿಲ್ಲ. ಹಗಲಿಗೆ ಎಲ್ಲರಿಗೂ ಬೇರೆ ಕೆಲಸ. ನಾನು ಶಹಾಪುರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮಾಮಾ ಸುರಪುರದಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಮಾಡುತ್ತಾನೆ.

ಮಾಮಾ ಅವ್ವನ ಕೊನೆಯ ತಮ್ಮ, ನನಗಿಂತ ಕೆಲವೇ ವರ್ಷ ದೊಡ್ಡವ. ನನ್ನ ಕೈಗೆ ಬಾಲು ಕೊಟ್ಟವನು ಅವನೇ. ತಂಡದಲ್ಲಿ ನಾನು ಪಾಸ್ ಕೊಡುವವ, ಅವನು ಹೊಡೆಯುವವ.

ನಾವು ಆಡುತ್ತಿದ್ದದ್ದು ಬಯಲಿನ ಲೀಗು. ಕಲಬುರಗಿ, ರಾಯಚೂರು, ಬೀದರ ಕಡೆಯ ತಂಡಗಳು. ಸಿಮೆಂಟಿನ ನೆಲ, ಮೇಲೆ ಆಕಾಶ. ಸುರಪುರದ ಅಂಕಣದ ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ರಸ್ತೆ; ಒಂದು ರಿಂಗಿನ ಹಿಂದೆ ಶಾಲೆ, ಇನ್ನೊಂದರ ಹಿಂದೆ ಬಾವಿ. ಹೊತ್ತು ಇಳಿಯುವಾಗ ಗುಡ್ಡದ ಬಂಡೆಗಳ ಸಂದಿಯಿಂದ ಗಾಳಿ ನುಗ್ಗುತ್ತದೆ. ಒಂದೇ ಸಮನೆ ಅಲ್ಲ, ಬಿಟ್ಟು ಬಿಟ್ಟು. ರಿಂಗಿಗೆ ನೇರವಾಗಿ ಹೊರಟ ಬಾಲು ಕೊನೆಗಳಿಗೆಯಲ್ಲಿ ರಸ್ತೆಯತ್ತ ಗೇಣುದ್ದ ಸರಿದುಬಿಡುತ್ತದೆ. ಹೊರಗಿನ ತಂಡದವರು ಬೈದುಕೊಂಡು ಬಸ್ಸು ಹತ್ತುತ್ತಿದ್ದರು.

ಮಾಮಾ ಮಾತ್ರ ರಿಂಗಿನೆದುರು ದೂರದ ಗೆರೆಯಾಚೆ ನಿಂತು, ಬಾಲು ಹಿಡಿದು, ಗದ್ದ ತುಸು ಎತ್ತಿ, ಎಡಗಿವಿಯನ್ನು ಗುಡ್ಡಕ್ಕೆ ಕೊಟ್ಟು ಅರೆಗಳಿಗೆ ತಡೆಯುತ್ತಿದ್ದ. ಗಾಳಿಯ ಒಂದು ಅಲೆ ಹೋಗಲಿ ಎಂದೋ, ಬರಲಿ ಎಂದೋ. ಆಮೇಲೆ ಬಿಡುತ್ತಿದ್ದ. ಬಾಲು ಗುಡ್ಡದ ಕಡೆಗೆ ದಿಕ್ಕು ತಪ್ಪಿ ಹೊರಟಂತೆ ಕಂಡು, ವಾಲಿ, ರಿಂಗಿನೊಳಗೆ ಬೀಳುತ್ತಿತ್ತು. ನಾವು ಗೆದ್ದ ಪಂದ್ಯಗಳಲ್ಲಿ ಹೆಚ್ಚಿನವು ಆ ಅರೆಗಳಿಗೆಯಲ್ಲಿ ಗೆದ್ದವು.

ಇಂಥದ್ದರಲ್ಲಿ ಹೈದರಾಬಾದಿನ ಕಡೆಯ ಒಂದು ಲೀಗಿನವರು ನಮ್ಮನ್ನು ಕರೆದರು. ಅವರದು ಹಾಲ್‌ನೊಳಗಿನ ಆಟ, ಮರದ ನೆಲ. ಒಂದು ತಂಡ ಬಿಟ್ಟುಹೋಗಿ ಜಾಗ ಖಾಲಿಯಾಗಿತ್ತು. ಎರಡೂ ಲೀಗುಗಳಲ್ಲಿ ಆಡುವಂತಿಲ್ಲ. ಇಲ್ಲಿಯದನ್ನು ಬಿಟ್ಟರೆ ನಮ್ಮ ಜಾಗ ಮತ್ತೊಬ್ಬರಿಗೆ ಹೋಗುತ್ತದೆ, ತಿರುಗಿ ಬರುವ ಹಾದಿ ಇಲ್ಲ. ಯಾದಗಿರಿಯವರು ಹಿಗ್ಗಿದರು, ರೈಲು ಅವರ ಊರಿಂದಲೇ. ಸುರಪುರದವರು ಮುಖ ಗಂಟಿಕ್ಕಿದರು. ನಾವು ಶಹಾಪುರದವರು ದಾರಿಯಲ್ಲೂ ನಡುವೆ, ಈ ಮಾತಿನಲ್ಲೂ ನಡುವೆ.

ಮೊದಲು ಅಲ್ಲಿ ಒಂದು ಪಂದ್ಯ ಆಡಿ ನೋಡೋಣ ಎಂದರು ಮಾಸ್ತರ್.

ಆ ಹಾಲ್‌ನಲ್ಲಿ ಮಾಮಾ ಹೊಡೆದದ್ದೆಲ್ಲ ತಪ್ಪಿತು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಅದು ಸುಳ್ಳಂತೆ. ಶುರುವಿನಲ್ಲೇ ಎರಡು ಬಿದ್ದಿದ್ದವು ಎಂದು ಯಾದಗಿರಿಯ ಉದ್ದನೆಯವನು, ನಮ್ಮ ಸೆಂಟರ್ ಆಟಗಾರ, ಮೊನ್ನೆ ಆಣೆ ಮಾಡಿ ಹೇಳಿದ. ನನ್ನ ನೆನಪು ಆ ಎರಡನ್ನೂ ನುಂಗಿ ಕೂತಿದೆ. ಉಳಿದಿರುವುದು ಇಷ್ಟು: ಮಾಮಾ ಬಾಲು ಹಿಡಿಯುತ್ತಾನೆ, ಗದ್ದ ಎತ್ತುತ್ತಾನೆ, ಬಾರದ ಗಾಳಿಗೆ ಕಿವಿ ಕೊಡುತ್ತಾನೆ. ಅಷ್ಟರಲ್ಲಿ ಎದುರಾಳಿಯ ಅಂಗೈ ಅವನ ಮುಖದ ಮುಂದೆ. ಒತ್ತಡದಲ್ಲಿ ಬಿಟ್ಟರೆ ಬಾಲು ಇಲ್ಲದ ಗುಡ್ಡದ ಕಡೆಗೆ ಹೊರಟು ಅಲ್ಲೇ ಹೋಗಿ ಬೀಳುತ್ತಿತ್ತು. ವಾಲಿಸುವವರು ಯಾರೂ ಇರಲಿಲ್ಲ.

ವಿರಾಮದಲ್ಲಿ ಅವನು ಹಾಲ್ ನೋಡಿಕೊಳ್ಳುವವನ ಹತ್ತಿರ ಹೋದ.

"ಭಾಯ್, ಜರಾ ಪಂಖಾ ಚಾಲೂ ಕರೋ ನಾ."

"ಪಂಖಾ ನಕ್ಕೋ ಭಾಯ್. ಬಾಲ್ ಹಿಲ್ತಾ."

ಫ್ಯಾನು ಹಾಕಿದರೆ ಬಾಲು ಅಲುಗುತ್ತದೆ, ಬೇಡ. ಮಾಮಾ ನನ್ನ ಕಡೆ ತಿರುಗಿ, "ಕೇಳಿದ್ಯೇನೋ ಅಳ್ಯಾ? ಅಲಗತೈತಂತ! ಅದಕ್ಕ ಹಚ್ಚು ಅನ್ನಾಕತ್ತೀನಿ ನಾ" ಎಂದ. ನಕ್ಕೆವು. ಅವನು ನಗಲಿಲ್ಲ.

ಮಾಸ್ತರ್ ಅವನನ್ನು ಬೆಂಚಿನಲ್ಲಿ ಕೂರಿಸಿ ಯಾದಗಿರಿಯ ಕಾಲೇಜು ಹುಡುಗನನ್ನು ಇಳಿಸಿದರು. ಅವನು ಹಿಡಿದ, ಹೊಡೆದ. ಸೋತೆವು, ಆದರೆ ಮಾನ ಉಳಿಯುವಂತೆ ಸೋತೆವು. ಮಾಮಾ ಇಲ್ಲದೆಯೂ ಅಲ್ಲಿ ನಿಲ್ಲಬಹುದು ಎಂಬುದು ಎಲ್ಲರಿಗೂ ಕಂಡಿತ್ತು.

ವಾಪಸು ಬರುವ ರೈಲಿನಲ್ಲಿ ಮಾಮಾ ಬಾಗಿಲಲ್ಲಿ ನಿಂತಿದ್ದ, ಮುಖ ಹೊರಗೆ.

"ಮಾಮಾ, ಮುಂದಿನ ಸಲ ಸುರಪುರದ ಗಾಳಿ ಒಂದ್ ಚೀಲದಾಗ ತುಂಬ್ಕೊಂಡು ಬರ್ರಿ" ಎಂದ ಉದ್ದನೆಯವನು.

"ಯಾಕೋ, ನಿನ್ನ ಬಾಯಾಗ ಐತಲ್ಲ ಬೇಕಾದಷ್ಟು."

ಹೈದರಾಬಾದಿನವರಿಗೆ ಉತ್ತರ ಹೇಳಬೇಕಾಗಿತ್ತು. ಹೂಂ ಎಂದರೆ, ಸೀಸನ್ ಇಡೀ ಆಡುವ ಹನ್ನೆರಡು ಮಂದಿ ಯಾರು ಎಂಬುದನ್ನೂ ಕೂಡಲೇ ಹೇಳಬೇಕು. ಹನ್ನೊಂದು ಮಂದಿಯ ಬಗ್ಗೆ ತಕರಾರಿರಲಿಲ್ಲ. ಹನ್ನೆರಡನೆಯವನು ಮಾಮಾ, ಇಲ್ಲವೇ ಆ ಕಾಲೇಜು ಹುಡುಗ.

ಉತ್ತರ ಹೇಳುವ ಹಿಂದಿನ ದಿನ ನಾನು ಸುರಪುರಕ್ಕೆ ಹೊರಟಾಗ ಅವ್ವ ಬಾಗಿಲಿಗೆ ಬಂದಳು.

"ನಿಮ್ಮ ಮಾಮಾನ್ನ ಬಿಟ್ಟು ಹೊಂಟೀರಂತ?"

"ಇನ್ನಾ ಏನೂ ಆಗಿಲ್ಲವ್ವ."

"ಹೋದ ವಾರದಿಂದ ಒಂದ ಮೋಟಾರ್ ಬಿಚ್ಚಾಕತ್ತಾನಂತ, ಜೋಡ್ಸಾಕತ್ತಾನಂತ, ಮತ್ತ ಬಿಚ್ಚಾಕತ್ತಾನಂತ. ಅವನ ಹೇಣ್ತಿ ಫೋನ್ ಮಾಡಿದ್ಲು. ಆಟ ಬಿಡಿಸಿದ್ರ ಅವ ಮನಷ್ಯಾ ಆಗಿ ಉಳಿಯಂಗಿಲ್ಲ, ನೋಡ್ಕೋ."

ನಮ್ಮ ಕ್ಲಬ್ಬಿನಲ್ಲಿ ದೊಡ್ಡ ಮಾತಿಗೆ ಕೈ ಎತ್ತಿಸುವ ಪದ್ಧತಿ ಇಲ್ಲ. ಕೈ ಎತ್ತು ಎಂದರೆ ಅರ್ಧ ಎತ್ತುವವರಿರುತ್ತಾರೆ ಎಂದು ಮಾಸ್ತರ್ ಎಂದೋ ನಿಲ್ಲಿಸಿದ್ದರು. ಎಲ್ಲರೂ ಅಂಕಣದಲ್ಲಿ ನಿಲ್ಲಬೇಕು. ಹೂಂ ಎನ್ನುವವರು ನಡುಗೆರೆಯ ಒಂದು ಕಡೆಗೆ, ಬೇಡ ಎನ್ನುವವರು ಇನ್ನೊಂದು ಕಡೆಗೆ. ಗೆರೆಯ ಮೇಲೆ ಕಾಲಿಡುವಂತಿಲ್ಲ.

ಆ ಸಂಜೆ ಹೋಗುವವರು ಶಾಲೆ ಕಡೆಯ ಅರ್ಧಕ್ಕೆ, ಉಳಿಯುವವರು ಬಾವಿ ಕಡೆಯ ಅರ್ಧಕ್ಕೆ ಎಂದರು ಮಾಸ್ತರ್. ಯಾದಗಿರಿಯವರು ಒಟ್ಟಾಗಿ ಶಾಲೆ ಕಡೆ ನಡೆದರು. ಸುರಪುರದವರು ಬಾವಿ ಕಡೆ. ನಮ್ಮೂರಿನವರು ಒಡೆದರು. ಎರಡೂ ಕಡೆ ಹೆಚ್ಚುಕಡಿಮೆ ಸಮ. ನಾನು ಬಾವಿ ಕಡೆ ನಿಂತೆ. ಯಾರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಮಾಮಾ ಇನ್ನೂ ಬಂದಿರಲಿಲ್ಲ.

ಬಂದ. ಅಂಗಡಿಯಿಂದ ನೇರ, ಕೈಗೆ ಗ್ರೀಸು. ಬೇಲಿ ದಾಟಿ ಒಳಗೆ ಬಂದು ಎರಡೂ ಕಡೆ ನೋಡಿದ. ನನ್ನನ್ನು ನೋಡಿದ.

"ನೀ ಅಲ್ಯಾಕ ನಿಂತಿದಿ ಅಳ್ಯಾ? ಯಾರದೋ ಮಣ್ಣಿಗೆ ಬಂದವರಂಗ?"

ಹೇಳಿ, ಗೆರೆ ದಾಟಿ, ಶಾಲೆ ಕಡೆ ಹೋಗಿ ನಿಂತ. ಉದ್ದನೆಯವನು ಸರಿದು ಜಾಗ ಕೊಟ್ಟ. ಸುರಪುರದವರು ಮುಖ ಮುಖ ನೋಡಿಕೊಂಡರು. ಒಬ್ಬ ಹೋದ, ಅವನ ಹಿಂದೆ ಇನ್ನೊಬ್ಬ. ಆಮೇಲೆ ನಾನು.

"ಹೋಗೂದಂತೂ ಆತು" ಎಂದರು ಮಾಸ್ತರ್. ಅವರ ದನಿಯಲ್ಲಿ ಹಿಗ್ಗು ಇರಲಿಲ್ಲ. "ಆದ್ರ ತಮ್ಮಾ..."

"ಆದ್ರ ನಾ ಬ್ಯಾಡ?"

"ನಾ ಹಂಗಂದ್ನೇನು?"

"ಅನ್ನಾಕತ್ತಿದ್ರಿ. ನಾ ನಡುವ ಬಾಯಿ ಹಾಕ್ದೆ, ಅಷ್ಟ."

ಮಾಸ್ತರ್ ಕನ್ನಡಕ ತೆಗೆದು ಒರೆಸಿದರು. "ಅಲ್ಲಿ ತಡಿಯಾಕ ಪುರಸೊತ್ತಿಲ್ಲೋ. ನೀ ಗಾಳಿ ಕೇಳ್ಕೋತ ನಿಂದರತಿ. ಇಪ್ಪತ್ತು ವರ್ಷದ ರೂಢಿ, ಹೆಂಗ ಬಿಡ್ತಿ?"

"ಬಿಟ್ಟೀನ್ರಿ. ಒಂದ ಹೊಡಿತೀನಿ, ನೋಡ್ರಿ. ತಡದ್ರ ನೀವ ನನ್ನ ಹೆಸರು ಬಿಡ್ರಿ."

"ಇಲ್ಲಿ ನೋಡಿ ಏನ್ ಮಾಡ್ಲಿ? ಇದು ಸುರಪುರ."

"ಇಲ್ಲೇ ನೋಡ್ರಿ."

ಮಾಸ್ತರ್ ಕಾಲೇಜು ಹುಡುಗನಿಗೆ ಅಡ್ಡ ನಿಲ್ಲಲು ಹೇಳಿದರು, ಕೈ ಎತ್ತಿ, ಮುಖದ ಮುಂದೆ. ನನಗೆ ಬಾಲು ಎಸೆದರು. ನಾನು ಸಿಮೆಂಟಿನ ಮೇಲೆ ಎರಡು ಸಲ ಪುಟಿಸಿ ಮಾಮಾನಿಗೆ ಕೊಟ್ಟೆ, ಕೊಟ್ಟೊಡನೆ ರೂಢಿಯಂತೆ ರಿಂಗಿನ ಕೆಳಗೆ ಓಡಿದೆ.

ಮಾಮಾ ಹಿಡಿದ. ಗದ್ದ ಎತ್ತಲಿಲ್ಲ. ಇದು ಖಾತ್ರಿ, ಈ ಮಾತಿಗೆ ಯಾರೂ ಬೇರೆ ಹೇಳುವುದಿಲ್ಲ. ಹಿಡಿದವನೇ ಬಿಟ್ಟ. ಹುಡುಗನ ಅಂಗೈ ತಲುಪುವ ಮೊದಲೇ ಬಾಲು ಮೇಲಿತ್ತು. ರಿಂಗಿನ ರಸ್ತೆ ಕಡೆಯ ಅಂಚಿಗೆ ಬಡಿದು ಆಚೆ ಬಿತ್ತು.

ಆ ಅಂಕಣದಲ್ಲಿ ಅವನು ರಿಂಗಿನೆದುರಿನಿಂದ ಹೊಡೆದು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಎಲ್ಲರೂ ಒಮ್ಮೆಲೇ ಮಾತಾಡಿದರು.

"ನೆಟ್ಟಗ ಹೋಗಿತ್ರಿ! ಗಾಳಿ ಒಯ್ತು! ಹಾಲ್‌ನಾಗ ಆಗಿದ್ರ ಬರೋಬ್ಬರಿ ಒಳಗ ಬೀಳ್ತಿತ್ತು!" ಸುರಪುರದವನೊಬ್ಬ ಕೂಗಿದ.

"ಎಲ್ಲಿ ಗಾಳಿ? ಒಂದ್ ಎಲಿ ಅಲಗವಲ್ದು" ಎಂದ ಉದ್ದನೆಯವನು.

"ನಿನ್ನ ತಲಿ ಅಷ್ಟ ಎತ್ತರಕ್ಕೈತಿ, ಅಲ್ಲೂ ತಿಳೀವಲ್ದೇನು?"

"ತಿಳಿಯಾಕ ಇರಬೇಕಲ್ಲೋ ಮಾರಾಯ!"

ಗಾಳಿ ಇದ್ದರೆ ಅದು ಗುರಿ ಇಟ್ಟ ಹೊಡೆತ. ಇಲ್ಲದಿದ್ದರೆ ಬರೀ ತಪ್ಪಿದ್ದು. ಮಾಸ್ತರ್ ಯಾರ ಮಾತಿಗೂ ತಿರುಗಲಿಲ್ಲ, ನನ್ನನ್ನು ನೋಡಿದರು.

"ನೀ ಹೇಳು. ಅವನ ಅಳಿಯ ಅಂತ ಕೇಳಾಕತ್ತಿಲ್ಲ. ರಿಂಗಿನ ಬುಡಕ ಇದ್ದಿ ಅಂತ ಕೇಳಾಕತ್ತೀನಿ. ಗಾಳಿ ಇತ್ತೇನು?"

ಇಲ್ಲಿ ನನ್ನ ಕೈ ನಿಲ್ಲುತ್ತದೆ. ಈ ಘಟನೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದರೊಳಗೆ ಒಂದು ಪ್ಲಾಸ್ಟಿಕ್ ಚೀಲ ಸೇರಿಕೊಂಡಿದೆ: ಗುಡ್ಡದ ಕಡೆಯಿಂದ ರಸ್ತೆಯ ಕಡೆಗೆ, ನನ್ನ ಮೊಣಕಾಲಿನ ಹತ್ತಿರ ಉರುಳಿಕೊಂಡು ಹೋಗುವ ನೀಲಿ ಚೀಲ. ಶಹಾಪುರದ ಸ್ಟಾಫ್ ರೂಮಿನಲ್ಲಿ ಮೊದಲ ಸಲ ಹೇಳಿದಾಗ ಅದು ಇರಲಿಲ್ಲ. ಯಾವಾಗ ಬಂತೋ ತಿಳಿಯದು. ಈಗ ತೆಗೆಯಲು ನೋಡಿದರೆ ಉಳಿದದ್ದೂ ಮಸುಕಾಗುತ್ತದೆ. ಬಾಲಿನತ್ತ ಕತ್ತೆತ್ತಿ ನೋಡುತ್ತಿದ್ದವನಿಗೆ ಮೊಣಕಾಲಿನ ಹತ್ತಿರದ ಚೀಲ ಹೇಗೆ ಕಂಡಿತು? ಬಾಲು ಗಾಳಿಯಲ್ಲಿ ಬಾಗಿತೇ? ಬಾಗಿದಂತೆ ಒಮ್ಮೆ ಕಾಣುತ್ತದೆ. ಕೈಯಿಂದಲೇ ಓರೆಯಾಗಿ ಹೊರಟಂತೆ ಇನ್ನೊಮ್ಮೆ.

ಹೇಳಿದ್ದು ಮಾತ್ರ ಗೊತ್ತು.

"ಇತ್ರಿ."

ಮಾಸ್ತರ್ ಕನ್ನಡಕ ಹಾಕಿಕೊಂಡರು. "ಆತು. ಬರ್ಲಿ ಅವ." ಕಾಲೇಜು ಹುಡುಗನ ಬೆನ್ನ ಮೇಲೆ ಕೈಯಿಟ್ಟು, "ನಿನಗ ಇನ್ನಾ ಭಾಳ ಹೊತ್ತೈತಿ" ಎಂದರು. ಆ ಹುಡುಗ ಶೂ ಲೇಸು ಬಿಚ್ಚುತ್ತ ಕೂತ. ಅವನ ಕಿವಿ ಕೆಂಪಾಗಿದ್ದದ್ದು ಮಾತ್ರ ಯಾವ ಸಲ ಹೇಳುವಾಗಲೂ ಬದಲಾಗಿಲ್ಲ.

ಬಾಲು ರಸ್ತೆ ಕಡೆಯ ಬೇಲಿಗೆ ಹೋಗಿ ನಿಂತಿತ್ತು. ತರಲು ಹೋದೆ. ಹಿಂದೆಯೇ ಮಾಮಾ ಬಂದ. ಖುಷಿಯಲ್ಲಿ ಬೆನ್ನಿಗೆ ಗುದ್ದುತ್ತಾನೆ ಎಂದುಕೊಂಡೆ. ಅವನು ತಗ್ಗಿದ ದನಿಯಲ್ಲಿ ಕೇಳಿದ:

"ಖರೇನ ಇತ್ತೇನೋ ಅಳ್ಯಾ?"

"ಏನು?"

"ಗಾಳಿ."

"ನಿನಗ ಗೊತ್ತಾಗ್ಲಿಲ್ಲೇನು?"

"ಕೇಳಬಾರದಂತಾನ ಹೊಡದೆ. ಕಿವಿನ ಮುಚ್ಕೊಂಡಂಗ ಮಾಡ್ಕೊಂಡಿದ್ದೆ." ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನೆಟ್ಟಗ ಹೋಗಿತ್ತೋ, ಸೊಟ್ಟ ಹೋಗಿತ್ತೋ, ನನಗ ತಿಳೀವಲ್ದು. ಹಾಲ್‌ನಾಗ ನಿಂತು ಹೊಡಿಬೇಕಲ್ಲ, ಅದಕ್ಕ ಕೇಳಾಕತ್ತೀನಿ."

ಸುರಪುರದ ಗಾಳಿಯ ಬಗ್ಗೆ ಮಾಮಾ ಮತ್ತೊಬ್ಬರನ್ನು ಕೇಳಿದ್ದು ಅದೇ ಮೊದಲು. ಅವನ ಕಣ್ಣು ನನ್ನ ಬಾಯಿಯ ಮೇಲಿತ್ತು.

"ಇತ್ತು ಮಾಮಾ" ಎಂದೆ. ಎರಡನೆಯ ಸಲ ಅನ್ನುವಾಗ ನನ್ನ ಎಡಗಿವಿಯ ಹತ್ತಿರ ಏನೋ ತಣ್ಣಗೆ ಹಾದುಹೋಯಿತು.

ಅವನು ನನ್ನ ಕೈಯಿಂದ ಬಾಲು ತೆಗೆದುಕೊಂಡು, ಮತ್ತೆ ಅಂಕಣದೊಳಗೆ ಹೋಗಿ, ಗುಡ್ಡಕ್ಕೆ ಬೆನ್ನು ಮಾಡಿ ನಿಂತು ಬಾಲು ಪುಟಿಸತೊಡಗಿದ.