ಪೊರ್ಬುಲು ಒಣಗಿಸಿದ ಮೋಟಾರು

ಅವರ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ತಾಮ್ರದ ತಂತಿ ಎಳೆದೆಳೆದು ತುದಿಗಳು ಹುಣಸೆ ಬೀಜದಂತೆ ನುಣುಪಾಗಿ, ವಾರ್ನಿಶ್ ಹಿಡಿದು ಕಂದಾಗಿದ್ದವು. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಒಪ್ಪುತ್ತಲೇ ಇರಲಿಲ್ಲ. "ನಾನು ಅಂತ ಒಬ್ಬ ಇಲ್ಲವೇ ಇಲ್ಲ ಅಂತದೆ ಮಾರಾಯ್ತಿ ಅದು" ಎಂದು ನಗುತ್ತಿದ್ದರು.

ಕ್ರಿಶ್ಚಿಯನ್ ಹಿರಿಯರನ್ನು ತುಳುವರು ಕರೆಯುವ ಹಾಗೆ ನಾವೆಲ್ಲ ಅವರನ್ನು ಪೊರ್ಬುಲು ಎನ್ನುತ್ತಿದ್ದೆವು. ಪಣಂಬೂರಿನ ಬಂದರಿನಲ್ಲಿ ಕ್ರೇನಿನ ಮೋಟಾರು ರಿಪೇರಿ ಮಾಡಿ ನಿವೃತ್ತರಾದ ಮೇಲೆ ಕೊಟ್ಟಾರದಲ್ಲಿ ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟಿದ್ದರು. ನಾನೋ, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವವಳು. ಮೋಟಾರಿನ ಬಗ್ಗೆ ಪುಸ್ತಕದಲ್ಲಿದ್ದದ್ದೆಲ್ಲ ಬಾಯಿಗೆ ಬರುತ್ತಿತ್ತು, ಒಂದನ್ನಾದರೂ ಬಿಚ್ಚಿದವಳಲ್ಲ. ಅದು ಅವರಿಗೆ ನಾನು ಅಂಗಡಿಗೆ ಹೋದ ಮೊದಲ ದಿನವೇ ಗೊತ್ತಾಯಿತು. "ಟೀಚರೇ, ಸ್ಪ್ಯಾನರ್ ಹಿಡಿಯುವ ಕ್ರಮವಾ ಇದು? ಸೌಟಲ್ಲ ಅದು!"

ನನ್ನ ಮೊದಲ ಕಾರು ಹಳೆಯ ಪುಟ್ಟ ಎಲೆಕ್ಟ್ರಿಕ್ ಕಾರು. ಒಂದು ಮಳೆಗಾಲ ರಸ್ತೆಯಲ್ಲಿ ನಿಂತ ನೀರು ಅದರ ಮೋಟಾರಿಗೇ ನುಗ್ಗಿತು. ಪೊರ್ಬುಲು ಬಿಚ್ಚುವ ಮೊದಲು ಶಾಫ್ಟನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿದರು, ಸಲೀಸಾಗಿ ತಿರುಗಿತು. "ಇಂಡಕ್ಷನ್. ನಮ್ಮ ಕ್ರೇನಿನ ತಮ್ಮ ಇವ" ಎಂದರು. ಒಳಗೆ ಹಿಡಿದೆಳೆಯುವ ಅಯಸ್ಕಾಂತವಿಲ್ಲ, ಬರೀ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ. ನೀರು ಕುಡಿದ ಮೋಟಾರಿಗೆ ಅವರದ್ದು ಒಂದೇ ಮದ್ದು: ಅಂಗಡಿಯ ಹಿಂದಿನ ದೊಡ್ಡ ಓವನ್‌ನಲ್ಲಿ ಇಡೀ ದಿನ ಒಣಗಿಸುವುದು. "ಬಿಸಿ ಕೊಟ್ರೆ ಎಲ್ಲ ದಾರಿಗೆ ಬರ್ತದೆ." ಬಂತು ಕೂಡ. ಆ ಕಾರು ಮತ್ತೆ ಮೂರು ವರ್ಷ ಓಡಿತು.

ಎರಡನೆಯ ಕಾರಿನದು ಅಯಸ್ಕಾಂತದ ಮೋಟಾರು. ಕಡಿಮೆ ಕರೆಂಟಿಗೆ ಅಷ್ಟೇ ಎಳೆತ, ಒಂದು ಚಾರ್ಜಿಗೆ ಹೆಚ್ಚು ದೂರ ಎಂದು ನಾನು ಉತ್ಸಾಹದಿಂದ ಭಾಷಣ ಬಿಗಿದಿದ್ದೆ. ನನ್ನ ಗ್ರಹಚಾರ, ಅದಕ್ಕೂ ನೀರು ಹೊಕ್ಕಿತು. ಪೂರ್ತಿ ಮೋಟಾರೇ ಬದಲಿಸಬೇಕು ಎಂದರು ಶೋರೂಮಿನವರು. ನಾನು ಅದನ್ನು ಪೊರ್ಬುಲರ ಹತ್ತಿರ ತಂದೆ. ಅವರು ಬಿಚ್ಚಿದರು, ಒರೆಸಿದರು, ತಂತಿ ಸುತ್ತಿದ ಭಾಗದ ಜೊತೆಗೆ ಒಳಗೆ ತಿರುಗುವ, ಅಯಸ್ಕಾಂತ ಕೂರಿಸಿದ ರೋಟರನ್ನೂ ಓವನ್‌ಗೆ ಇಟ್ಟು ಕ್ರೇನಿನ ಮೋಟಾರಿಗೆ ಕೊಡುವಷ್ಟೇ ಬಿಸಿಗೆ ಮುಳ್ಳು ತಿರುಗಿಸಿದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಹೆಚ್ಚು ಬಿಸಿಯಾದರೆ ಅಯಸ್ಕಾಂತ ಶಕ್ತಿ ಕಳೆದುಕೊಳ್ಳುತ್ತದೆ ಎಂದು ಅದೇ ವಾರ ಬೋರ್ಡಿನ ಮೇಲೆ ಬರೆದಿದ್ದೆ. ಮಾತು ಗಂಟಲಿನವರೆಗೆ ಬಂತು. ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ, ಸೌಟು ಹಿಡಿಯುವವಳು ನಾನೇನು ಹೇಳುವುದು ಎಂದು ನುಂಗಿಕೊಂಡೆ.

ಜೋಡಿಸಿದ ಮೇಲೆ ಕಾರು ಸಮತಟ್ಟಿನಲ್ಲಿ ಓಡಿತು. ಕದ್ರಿಯ ಏರಿನಲ್ಲಿ ಅರ್ಧಕ್ಕೇ ಕೈಚೆಲ್ಲಿತು. ಹಿಂದಿನಿಂದ ರಿಕ್ಷಾದವರ ಹಾರ್ನೋ ಹಾರ್ನು. ಪಕ್ಕದಲ್ಲಿ ಕೂತಿದ್ದ ಪೊರ್ಬುಲು ತಮ್ಮ ಅಂಗೈ ನೋಡಿಕೊಂಡು, "ನನ್ನ ಕೈ ಹೋಯ್ತು ಟೀಚರ್" ಎಂದರು. ಮರುದಿನದಿಂದ ಅಂಗಡಿಯ ಶಟರ್ ಏಳಲಿಲ್ಲ.

ನಾನು ಹೊಸ ಮೋಟಾರು ಹಾಕಿಸಿಕೊಂಡು ಆರಾಮವಾಗಿ ಓಡಾಡಿದೆ, ಹೇಡಿ! ಎರಡು ವಾರ ಕಳೆದ ಮೇಲೆ ಅವರ ಹೆಂಡತಿ ಬಾಯಮ್ಮ ದಾರಿಯಲ್ಲಿ ಸಿಕ್ಕಿ, "ಊಟ ಸಹ ಸರಿ ಮಾಡುದಿಲ್ಲ. ಇನ್ನು ಯಾವ ಮೋಟಾರೂ ಮುಟ್ಟುದಿಲ್ಲ ಅಂತಾರೆ" ಎಂದರು. ಆ ಭಾನುವಾರ ಬಾಯಮ್ಮ ಇಗರ್ಜಿಯ ಪ್ರಾರ್ಥನೆಗೆ ಹೋಗಿದ್ದಾಗ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನೋಡ್ತಾ ನಿಂತದ್ದಾ?"

ನಾನು ಅಳತೊಡಗಿದೆ. ಅವರು ಅಷ್ಟು ಜೋರಾಗಿ ಬೈದದ್ದನ್ನು ನಾನು ಕೇಳಿರಲೇ ಇಲ್ಲ. "ಮೋಟಾರು ಹೋದ್ರೆ ಹೋಗ್ಲಿ! ನಾನು ಇನ್ನು ಎಂತಕ್ಕೂ ಆಗದವ ಅಂತ ಇಷ್ಟು ದಿನ ಕೂತಿದ್ದೇನಲ್ಲ!" ಆಮೇಲೆ ತಮ್ಮ ನುಣುಪು ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿ, "ಹಾಗಾದ್ರೆ ಕೈ ಹೋಗ್ಲಿಲ್ಲ. ಕಲಿಯುದು ಬಾಕಿ ಉಂಟು, ಅಷ್ಟೇ. ನಾಳೆ ಪುಸ್ತಕ ತಾ" ಎಂದರು.

ಎಪ್ಪತ್ತು ದಾಟಿದ ಮೇಲೆ ಅವರು ನನ್ನ ವಿದ್ಯಾರ್ಥಿಯಾದರು; ನನ್ನ ಅತಿ ತಂಟೆಯ ವಿದ್ಯಾರ್ಥಿ. ಓವನ್ನಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಮ್ಯಾಗ್ನೆಟ್ ಉಂಟಾ? ಮೊದಲು ನೋಡು' ಎಂದು ಬರೆದಿಟ್ಟರು. ಮತ್ತೆ ನಾಲ್ಕು ವರ್ಷ ದುಡಿದರು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿಯೇ ಬಿಟ್ಟರು.

ಕಳೆದ ವರ್ಷ ತೀರಿಕೊಂಡರು. ಮಣ್ಣು ಮಾಡಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಬಾಯಮ್ಮ ನನ್ನ ಕೈ ಹಿಡಿದು ನೆಂಟರಿಗೆ ಪರಿಚಯಿಸಿದರು: "ಇವರದ್ದೇ ಆ ಕಾರು. 'ಟೀಚರ್‌ನ ಮೋಟಾರು ನಾನೇ ಸುಟ್ಟು ಹಾಕಿದ್ದು, ಆದ್ರೂ ಅವಳು ಒಂದು ಮಾತು ಬೈಲಿಲ್ಲ' ಅಂತ ನಮ್ಮವರು ಕೊನೆವರೆಗೂ ಹೇಳ್ತಿದ್ರು."

ಹೆಂಡತಿಗೂ ಅವರು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ.

"ಬಾಯಮ್ಮ," ಎಂದೆ, ನೆಂಟರೆಲ್ಲರಿಗೂ ಕೇಳುವ ಹಾಗೆ, "ಅವರು ಅದನ್ನು ಓವನ್‌ಗೆ ಇಡುವಾಗ ನಾನು ಪಕ್ಕದಲ್ಲೇ ಇದ್ದೆ. ನನಗೆ ಗೊತ್ತಿತ್ತು."