ದಸ್ತಗೀರ ತೆಗೆದ ನನ್ನ ಹೆಂಡತಿಯ ಫೋಟೋ

ಕಳೆದ ರವಿವಾರ ಬೆಳಿಗ್ಗೆ ಬೆಳಗಾವಿಯ ಒಂದು ಸಣ್ಣ ಸಭಾಗೃಹದಲ್ಲಿ, ಕೊನೆಯ ಸಾಲಿನ ಕಂಬದ ಹಿಂದೆ ಕುಳಿತಿದ್ದೆ. ದೀಪದವನು ವೇದಿಕೆಯ ಮೇಲಿನ ಎರಡು ಹಳೆಯ ದೊಡ್ಡ ಬಲ್ಬುಗಳನ್ನು ಹಚ್ಚಿದ. ಅವುಗಳ ಮೇಲೆ ಎಷ್ಟು ದಿನದ ಧೂಳು ಕೂತಿತ್ತೋ ಏನೋ, ಅದು ಕಾದು ಸುಟ್ಟ ವಾಸನೆ ನನ್ನ ಕುರ್ಚಿಯವರೆಗೂ ಬಂತು. ನಿಮಗೂ ಗೊತ್ತಿರಬೇಕು ಆ ವಾಸನೆ, ಬಹಳ ದಿನ ಕಪಾಟಿನಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿದಾಗ ಬರುತ್ತದಲ್ಲ, ಹಾಗೆ. ನಿಮಗೆ ಅದು ಬರೀ ಧೂಳು. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಸಾಕು, ಹೊಟ್ಟೆಯಲ್ಲಿ ಏನೋ ಹೊತ್ತಿಕೊಳ್ಳುತ್ತದೆ.

ಅಂದು ಹಾಡುವವಳು ನನ್ನ ಹೆಂಡತಿ ಸುಮತಿ. ನಾನು ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಹೆಂಡತಿಯ ಹಾಡು ಕೇಳಲು ಕಂಬದ ಹಿಂದೆ ಅಡಗಿ ಕೂಡುವ ಗಂಡ ಎಲ್ಲಿಯಾದರೂ ಇದ್ದಾನೆಯೇ ಎಂದು ನೀವು ಕೇಳಬಹುದು. ಇದ್ದಾನೆ. ಏಕೆ ಎಂದು ಹೇಳಬೇಕಾದರೆ ಏಳು ವರ್ಷ ಹಿಂದೆ, ಅವಳ ತವರೂರು ಖಾನಾಪುರಕ್ಕೆ ಹೋಗಬೇಕಾಗುತ್ತದೆ. ಬರ್ರಿ, ದೂರವೇನಿಲ್ಲ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ನಾನು ವಿಮಾ ಕಚೇರಿಯ ನೌಕರ. ಸಂಗೀತದ ವಿಷಯಕ್ಕೆ ಬಂದರೆ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತಾರಲ್ಲ, ಆ ಕತ್ತೆ ನಾನೇ. ಸುಮತಿ ಬೆಳಿಗ್ಗೆ ಐದಕ್ಕೆ ಎದ್ದು ತಂಬೂರಿ ಶ್ರುತಿ ಮಾಡಿಕೊಂಡು ಕೂತರೆ ನಾನು ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದೆ. ಆದರೆ ಹೆಂಡತಿ ಹಾಡುತ್ತಾಳೆ, ನಾಲ್ಕು ಜನ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ ಎಂದಮೇಲೆ ಗಂಡನಾದವನಿಗೂ ಏನಾದರೊಂದು ಕೆಲಸ ಬೇಕಲ್ಲವೇ? ನಾನೊಂದು ಕ್ಯಾಮೆರಾ ಕೊಂಡೆ. ಸಣ್ಣದಲ್ಲ. ಅದರ ಲೆನ್ಸು ನಮ್ಮ ಮನೆಯ ಹಾಲಿನ ತಂಬಿಗೆಗಿಂತ ಉದ್ದವಾಗಿತ್ತು. ಅದನ್ನು ಕೊರಳಿಗೆ ಹಾಕಿಕೊಂಡು ಮೊದಲ ಸಾಲಿನ ಮುಂದೆ ನೆಲದ ಮೇಲೆ ಕೂತರೆ, ಕಾರ್ಯಕ್ರಮ ನಡೆಯುವುದೇ ನನ್ನಿಂದ ಎನಿಸುತ್ತಿತ್ತು.

ವೇದಿಕೆಯ ದೀಪದಲ್ಲಿ ಹಾಡುಗಾರರ ಫೋಟೋ ತೆಗೆಯುವುದು ಎಂಥ ಪೀಡೆ ಎಂಬುದು ತೆಗೆದವರಿಗೇ ಗೊತ್ತು. ದೀಪದವರಿಗೆ ಬಣ್ಣದ ಹುಚ್ಚು. ಒಂದು ಕೆನ್ನೆಗೆ ಗುಲಾಬಿ, ಇನ್ನೊಂದು ಕೆನ್ನೆಗೆ ಹಸಿರು ಬಿಡುತ್ತಾರೆ. ಸುಮತಿ ಒಮ್ಮೊಮ್ಮೆ ಅರೆಹಣ್ಣಾದ ಪೇರಲೆಯ ಹಾಗೆ ಕಾಣುತ್ತಿದ್ದಳು. ಬೆಳಕು ಸಾಲದೆ ಕ್ಯಾಮೆರಾದ ಸೂಕ್ಷ್ಮತೆ ಏರಿಸಿದರೆ ಫೋಟೋ ತುಂಬ ರವೆ ಚೆಲ್ಲಿದಂತೆ ಕಾಳುಕಾಳು. ಏರಿಸದಿದ್ದರೆ ಕೈ ಆಡಿಸಿದಾಗ ಐದು ಬೆರಳು ಹದಿನೈದಾಗುತ್ತವೆ. ಸಾಲದ್ದಕ್ಕೆ ಬಾಯಿಯ ಮುಂದೆ ಮೈಕು. ನಾನು ಇದಕ್ಕೆಲ್ಲ ಒಂದೇ ಉಪಾಯ ಕಂಡುಕೊಂಡಿದ್ದೆ: ಒತ್ತಿದ ಬೆರಳು ತೆಗೆಯದೆ ಸೆಕೆಂಡಿಗೆ ಎಂಟರಂತೆ ಹೊಡೆಯುವುದು. ಒಂದು ಕಾರ್ಯಕ್ರಮಕ್ಕೆ ಸಾವಿರ ಫೋಟೋ. ಅವಳು ಸರಸರನೆ ಸ್ವರ ಉರುಳಿಸಿ ತಾನ್ ಹೊಡೆಯುವಾಗ ಬಾಯಿ ಅಗಲವಾದಷ್ಟೂ ನನಗೆ ಉತ್ಸಾಹ, ಅದೇ ಹಾಡಿನ ಶಿಖರ ಎಂದು ನನ್ನ ತಿಳುವಳಿಕೆ.

ಒಮ್ಮೆ ಅವನ್ನೆಲ್ಲ ಕಂಪ್ಯೂಟರಿನಲ್ಲಿ ಹಚ್ಚಿ ತೋರಿಸಿದೆ. ಸುಮತಿ ಸಮಾಧಾನದಿಂದ ನೋಡಿದಳು.

“ಛಲೋ ಆಗ್ಯಾವು,” ಅಂದಳು. “ಹಲ್ಲಿನ ಡಾಕ್ಟರಿಗೆ ತೋರಸಾಕ ಬರತಾವು.”

ಹೀಗಿರುವಾಗ ಖಾನಾಪುರದವರು ಅವಳನ್ನು ಹಾಡಲು ಕರೆದರು. ತವರೂರಿನಲ್ಲಿ ಅವಳ ಮೊದಲ ಕಾರ್ಯಕ್ರಮ. ನನಗೆ ಕಚೇರಿಯಲ್ಲಿ ರಜೆ ಸಿಗದೆ ಹೋಗಲು ಆಗಲಿಲ್ಲ. ಅಲ್ಲಿಯವರು ಫೋಟೋಕ್ಕೆ ದಸ್ತಗೀರ ಎಂಬವನನ್ನು ಹೇಳಿದ್ದರು. ಬೆಳಗಾವಿ-ಖಾನಾಪುರ ದಾರಿಯ ಪೀರನವಾಡಿಯಲ್ಲಿ ಅವನದೊಂದು ಪಾಸ್‌ಪೋರ್ಟ್ ಫೋಟೋ ಮತ್ತು ಝೆರಾಕ್ಸಿನ ಅಂಗಡಿ. ಮರುದಿನ ಅವನು ಕಳಿಸಿದ ಫೋಟೋ ಎಷ್ಟು ಗೊತ್ತೇ? ಹನ್ನೊಂದು. ನಾನು ನಕ್ಕೆ. ಹನ್ನೊಂದನ್ನು ಅವಳು ಒಮ್ಮೆ ಕೆಮ್ಮುವಷ್ಟರಲ್ಲಿ ನಾನು ತೆಗೆಯುತ್ತಿದ್ದೆ.

ಆರನೆಯದಕ್ಕೆ ಬಂದಾಗ ನಗು ನಿಂತಿತು.

ಅದರಲ್ಲಿ ಸುಮತಿಯ ಬಾಯಿ ಆಗಷ್ಟೇ ಮುಚ್ಚಿತ್ತು. ಕೊರಳು ತುಸು ವಾಲಿತ್ತು. ಕೈ ಗಾಳಿಯಲ್ಲಿ ಏನನ್ನೋ ಇಳಿಸಿ ಇಟ್ಟಂತೆ ನಿಂತಿತ್ತು. ಕಣ್ಣುಗಳು ಅರ್ಧ ತೆರೆದಿದ್ದವು. ತುಟಿಯ ತುದಿಯಲ್ಲಿ ಒಂದು ನಗೆ ಇತ್ತು. ಆ ನಗೆಯನ್ನು ನಾನು ನೋಡಿರಲಿಲ್ಲ. ನಮ್ಮ ಮದುವೆಯಾಗಿ ಆಗ ಇಪ್ಪತ್ತೆರಡು ವರ್ಷ. ಅವಳು ಸಿಟ್ಟಿನಲ್ಲಿ ನಗುವುದು, ಅತ್ತೆಯ ಮುಂದೆ ನಗುವುದು, ನನ್ನ ಹಳೆಯ ಜೋಕಿಗೆ ಪಾಪ ಎಂದು ನಗುವುದು, ಎಲ್ಲವೂ ನನಗೆ ಬಾಯಿಪಾಠ. ಈ ನಗೆ ನಮ್ಮ ಮನೆಗೆ ಒಂದು ದಿನವೂ ಬಂದಿರಲಿಲ್ಲ. ಪೀರನವಾಡಿಯ ಝೆರಾಕ್ಸಿನವನು ಒಂದೇ ಸಂಜೆಯಲ್ಲಿ ಅದನ್ನು ಕಂಡುಬಿಟ್ಟಿದ್ದ.

ಅವಳ ತಮ್ಮ ಅದನ್ನು ಎಲ್ಲರಿಗೂ ಕಳಿಸಿದ. ಮರಾಠಿ ಮಾತಾಡುವ ಅವರ ನೆರೆಮನೆಯ ಹಿರಿಯಾಕೆ, ಎಲ್ಲರ ಬಾಯಲ್ಲೂ ಕಾಕು, ನನಗೇ ಫೋನು ಮಾಡಿ “ಛಾನ್ ಆಲಾಯ್ ಫೋಟೋ, ತುಮ್ಹೀಚ್ ಕಾಢಲಾ ಕಾ?” ಎಂದರು. ಚೆನ್ನಾಗಿ ಬಂದಿದೆ, ನೀವೇ ತೆಗೆದದ್ದಾ ಎಂದು. ಇಲ್ಲ ಎಂದು ಹೇಳಿ ಫೋನು ಇಟ್ಟೆ. ಸುಮತಿಯೂ ಕೇಳಿದಳು, “ಹೆಂಗ ಆಗೇತ್ರಿ?”

“ಅಡ್ಡಿಯಿಲ್ಲ,” ಅಂದೆ. “ಕಾಳು ಭಾಳ ಬಂದಾವು. ಹಿಂದಿನ ಪರದೆ ಸೊಟ್ಟ ಐತಿ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಷ್ಟಕ್ಕೇ ಬಿಡಲಿಲ್ಲ. ಕಂಪ್ಯೂಟರಿನಲ್ಲಿ ಫೋಟೋವನ್ನು ಹಿಗ್ಗಿಸಿ ಮೊಸರಿನಲ್ಲಿ ಕಲ್ಲು ಹುಡುಕುತ್ತ ಕೂತೆ. ಹಿಗ್ಗಿಸಿದಂತೆ ಬೇರೆಯೇ ಒಂದು ಪ್ರಶ್ನೆ ತಲೆ ಹೊಕ್ಕಿತು. ಇವಳು ನೋಡುತ್ತಿರುವುದು ಯಾರನ್ನು? ನಾಚಿಕೆ ಬಿಟ್ಟು ಹೇಳುತ್ತೇನೆ, ಹಳೆಯ ಕ್ಯಾಲೆಂಡರಿನ ಹಿಂದೆ ವೇದಿಕೆಯ ನಕ್ಷೆ ಬರೆದೆ. ಇಲ್ಲಿ ಸುಮತಿ, ಅಲ್ಲಿ ತಬಲಾ, ಇಲ್ಲಿ ಹಾರ್ಮೋನಿಯಂ ಮಾಸ್ತರರು. ಮಾಸ್ತರರಿಗೆ ಎಪ್ಪತ್ತೆಂಟು ವರ್ಷ, ಅವರನ್ನು ಕೈಬಿಟ್ಟೆ. ಸ್ಕೇಲು ಹಿಡಿದು ಅವಳ ಕಣ್ಣಿನಿಂದ ಗೆರೆ ಎಳೆದರೆ ಅದು ಮಾಸ್ತರರ ಭುಜ ದಾಟಿ, ನೆಟ್ಟಗೆ ದಸ್ತಗೀರ ಕೂತು ಫೋಟೋ ತೆಗೆದಿರಬೇಕಾದ ಜಾಗಕ್ಕೆ ಹೋಗಿ ಮುಟ್ಟಿತು. ಐವತ್ತು ದಾಟಿದ ವಿಮಾ ನೌಕರನೊಬ್ಬ ಸ್ಕೇಲು ಹಿಡಿದು ಹೆಂಡತಿಯ ನೋಟ ಅಳೆಯುವುದನ್ನು ನೀವು ನೋಡಿದ್ದರೆ ನಕ್ಕು ಸಾಯುತ್ತಿದ್ದಿರಿ. ನನಗೆ ನಗು ಬರಲಿಲ್ಲ.

ಪಾಸ್‌ಪೋರ್ಟ್ ಫೋಟೋ ಬೇಕು ಎಂಬ ನೆಪ ಮಾಡಿಕೊಂಡು ಪೀರನವಾಡಿಗೆ ಹೋದೆ. ದಸ್ತಗೀರ ನನ್ನದೇ ವಯಸ್ಸಿನವನು. ತಲೆ ಪೂರ್ತಿ ಬೆಳ್ಳಗಾಗಿತ್ತು, ಮೂಗಿನ ತುದಿಯಲ್ಲಿ ಕನ್ನಡಕ. ಒಳಗೆ ಹೆಂಡತಿಯ ಜೊತೆ ಉರ್ದುವಿನಲ್ಲಿ ಏನೋ ಮಾತಾಡುತ್ತಿದ್ದವನು ನನ್ನನ್ನು ಕಂಡು ಹೊರಗೆ ಬಂದ. ಯಾರ ಗಂಡ ಎಂದು ತಿಳಿದ ಕೂಡಲೇ ಕುರ್ಚಿ ಒರೆಸಿದ.

“ಕುಂದರ್ರಿ ಸರ್, ಕುಂದರ್ರಿ. ಅಕ್ಕಾರು ಏನ್ ಹಾಡ್ಯಾರ್ರಿ ಅವತ್ತ!”

“ಆ ಆರನೇ ಫೋಟೋ,” ಅಂದೆ. “ಅದರಾಗ ಆಕಿ ಎಲ್ಲಿ ನೋಡಾಕತ್ತಿದ್ಲು?”

“ಎಲ್ಲೂ ಇಲ್ರಿ. ಸಮ್ ಬಂದಿತ್ತಲ್ಲ.”

ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು. ಸಮ್ ಎಂದರೆ ತಾಳದ ಒಂದು ಸುತ್ತು ಮುಗಿದು ಮತ್ತೆ ಮೊದಲ ಪೆಟ್ಟಿಗೆ ಬಂದು ಮುಟ್ಟುವ ಜಾಗ ಎಂದು, ಕೌಂಟರಿನ ಮೇಲೆ ಬೆರಳು ಬಡಿದು ತೋರಿಸಿದ. ಅವನ ತಂದೆ ತಬಲಾಕ್ಕೆ ಚರ್ಮ ಬಿಗಿಯುವ ಕೆಲಸ ಮಾಡುತ್ತಿದ್ದರಂತೆ. ಅಕ್ಷರ ಕಲಿಯುವ ಮೊದಲೇ ತಾಳ ಕಲಿತವನು ಇವನು.

“ಬಾಯಿ ತಗದಾಗ ಎಲ್ಲಾರೂ ಒತ್ತತಾರ್ರಿ. ಆಗ ಹಾಡವ್ರು ಕೆಲಸದಾಗ ಇರತಾರ. ಸಮ್‌ಕ್ಕ ಬಂದು ಮುಟ್ಟಿದಾಗ ಒಂದು ಗಳಿಗಿ ಖಾಲಿ ಆಗತಾರ. ಅಷ್ಟಽ. ನೋಡಿ ಒತ್ತಿದ್ರ ತಡ ಆಗತೈತಿ ಸರ್. ಕೇಳಿ ಒತ್ತಬೇಕು.”

ಕ್ಯಾಮೆರಾದ ಸದ್ದು ಹಾಡಿಗೆ ಅಡ್ಡ ಬರಬಾರದೆಂದು ಅವನು ಅದಕ್ಕೆ ಟವೆಲು ಸುತ್ತಿ ಇಟ್ಟುಕೊಳ್ಳುತ್ತಿದ್ದ. ತಬಲಾ ಜೋರಾದಾಗ ಮಾತ್ರ ಒತ್ತುತ್ತಿದ್ದ. ಅವನ ಕ್ಯಾಮೆರಾ ನೋಡಿದೆ. ಹಳೆಯದು, ಅಂಚಿನ ರಬ್ಬರು ಕಿತ್ತಿತ್ತು. ಅವನು ಸ್ವಲ್ಪವಾದರೂ ಜಂಭದವನಾಗಿದ್ದರೆ ನನಗೆ ಎಷ್ಟು ಹಿತವಾಗುತ್ತಿತ್ತು! ಚಹಾ ಕುಡಿಸಿ, ಪಾಸ್‌ಪೋರ್ಟ್ ಫೋಟೋವನ್ನೂ ತೆಗೆದುಕೊಟ್ಟ. ಅದರಲ್ಲಿ ನಾನು ಇಂಗು ತಿಂದ ಮಂಗನಂತೆ ಇದ್ದೆ.

ಅಂದಿನಿಂದ ನಾನೂ ತಾಳ ಕಲಿಯಲು ನಿಂತೆ. ಸುಮತಿಯನ್ನು ಕೇಳಲು ಅಭಿಮಾನ ಅಡ್ಡ ಬಂತು. ಮನೆಯಲ್ಲಿ ಸಂಗೀತ ಕಲಿಸುವವಳು ಇರುವಾಗ ನಾನು ಕಚೇರಿಯ ಊಟದ ಬಿಡುವಿನಲ್ಲಿ ಮೊಬೈಲಿನ ವೀಡಿಯೋ ನೋಡಿ ಮೇಜು ಬಡಿಯುತ್ತಿದ್ದೆ. ತೀನತಾಲ, ಹದಿನಾರು ಮಾತ್ರೆ, ಅಂದರೆ ಒಂದು ಸುತ್ತಿಗೆ ಹದಿನಾರು ಎಣಿಕೆ. ಧಾ ಧಿನ್ ಧಿನ್ ಧಾ. ಎರಡು ತಿಂಗಳಲ್ಲಿ ನಿದ್ದೆಯಲ್ಲೂ ಹದಿನಾರು ಎಣಿಸಿ ಹದಿನೇಳಕ್ಕೆ ಎಚ್ಚರಾಗುವಷ್ಟು ಪಳಗಿದೆ. ಬೆಳಗಾವಿಯಲ್ಲಿ ಅವಳ ಮುಂದಿನ ಕಾರ್ಯಕ್ರಮ ಗೊತ್ತಾಯಿತು. ದಸ್ತಗೀರನನ್ನು ಕರೆಯಬೇಡಿರೆಂದು ಸಂಘಟಕರಿಗೆ ನಾನೇ ಹೇಳಿದೆ. ಮನೆಯವನೇ ಇರುವಾಗ ಹೊರಗಿನವನೇಕೆ ಎಂದೆ.

ಅಂದು ಹಳೆಯ ಬಲ್ಬು, ಅದೇ ಸುಟ್ಟ ಧೂಳಿನ ವಾಸನೆ. ನಾನು ಅವಳಿಂದ ಆರಡಿ ದೂರದಲ್ಲಿ ಕೂತೆ. ನಿಧಾನಗತಿಯ ವಿಲಂಬಿತ ಶುರುವಾಯಿತು. ತುಟಿ ಬಿಗಿಹಿಡಿದು ಎಣಿಸಿದೆ. ಹದಿನಾರು ಮುಗಿದ ಕೂಡಲೇ ಒತ್ತಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮತ್ತೆ ಎಣಿಸಿದೆ, ಒತ್ತಿದೆ, ಅವಳು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಜನ ಆಹಾ ಎಂದು ತಲೆದೂಗುವುದು ಒಂದು ಕಡೆ, ನನ್ನ ಸಮ್ ಇನ್ನೊಂದು ಕಡೆ. ಅವಳು ಹಾಡುತ್ತಿದ್ದದ್ದು ಏಕತಾಲ, ಅದಕ್ಕೆ ಹನ್ನೆರಡೇ ಮಾತ್ರೆ ಎಂದು ಆಮೇಲೆ ಗೊತ್ತಾಯಿತು. ಎಲ್ಲ ಹಾಡಿಗೂ ಹದಿನಾರು ಎಂದೇ ತಿಳಿದಿದ್ದ ಪಂಡಿತ ನಾನು! ಸಹನೆ ಕೆಟ್ಟು ಹಳೆಯ ಚಾಳಿಗೆ ಇಳಿದೆ. ಅವಳು ಒಂದು ಸ್ವರವನ್ನು ಬಹಳ ಮೆಲ್ಲಗೆ, ಎಲ್ಲಿ ಒಡೆದೀತೋ ಎಂಬಂತೆ ಹಿಡಿದಿದ್ದಾಗ ನನ್ನ ಕ್ಯಾಮೆರಾ ಖಟಖಟಖಟ ಎಂದು ಬಡಿಯಿತು. ಸುಮತಿ ಕಣ್ಣು ತೆರೆದು ನನ್ನನ್ನು ನೋಡಿದಳು. ಸ್ವರ ನಿಂತುಹೋಯಿತು. ತಬಲಾದವನು ಎರಡು ಸುತ್ತು ಬರೀ ತಾಳದ ಠೇಕಾ ಬಾರಿಸುತ್ತ ಕಾದ. ಅವಳು ಮತ್ತೆ ಹಿಡಿದಳು, ಕಾರ್ಯಕ್ರಮ ಮುಗಿಸಿದಳು, ಜನ ಚಪ್ಪಾಳೆ ಹೊಡೆದರು. ಆದರೆ ಅಂದಿನ ಹಾಡು ಅಲ್ಲಿಗೇ ಮುಗಿದಿತ್ತು ಎಂದು ನನ್ನಂಥ ಕತ್ತೆಗೂ ತಿಳಿಯಿತು.

ಮನೆಗೆ ಬಂದಮೇಲೆ ಅವಳು ಸಿಟ್ಟು ಮಾಡಲಿಲ್ಲ. ತಟ್ಟೆಗೆ ಅನ್ನ ಬಡಿಸುತ್ತ ಹೇಳಿದಳು:

“ನೀವು ಎದುರಿಗೆ ಕುಂತ್ರ ನನ್ನ ಹಾಡಿನ ಮ್ಯಾಲೆ ಲಕ್ಷ್ಯ ಇರಂಗಿಲ್ರಿ. ಇವರು ಉಂಡಾರೋ ಇಲ್ಲೋ, ನೆಲದ ಮ್ಯಾಲೆ ಕೂತು ಮೊಣಕಾಲ ನೋಯಾಕತ್ತೇತೇನೋ ಅಂತ ಅನಸತೈತಿ. ವಾರಕ್ಕ ಏಳು ದಿನ ನಿಮ್ಮ ಹೆಂಡತಿನಽ ಇರತೀನಿ. ಅಲ್ಲಿ ಎರಡು ತಾಸು ನಿಮ್ಮ ಹೆಂಡತಿ ಆಗದ ಕುಂದರಾಕ ಬಿಡ್ರಿ.”

ಬೇರೆ ಯಾರಾದರೂ ಆಗಿದ್ದರೆ ಅದನ್ನು ಅರ್ಥಮಾಡಿಕೊಳ್ಳುತ್ತಿದ್ದರೋ ಏನೋ. ನಾನು ಸೆಟೆದುಕೊಂಡೆ. ಹಾಗಾದರೆ ದಸ್ತಗೀರ ಎದುರಿಗೆ ಕೂತರೆ ನಡೆಯುತ್ತದೆ, ನಾನು ಕೂತರೆ ಇಲ್ಲ! ಕ್ಯಾಮೆರಾ ಕಪಾಟು ಸೇರಿತು. ಅವಳ ಕಾರ್ಯಕ್ರಮಗಳಿಗೆ ಹೋಗುವುದನ್ನೇ ಬಿಟ್ಟೆ. ಹೀಗೆ ಏಳು ವರ್ಷ. ಅವಳು ಕರೆಯುವುದನ್ನು ನಿಲ್ಲಿಸಿದಳು. ನಾನು ಅವಳನ್ನು ಸಭಾಗೃಹದ ಬಾಗಿಲಿನವರೆಗೆ ಬಿಟ್ಟು, ಮುಗಿದಾಗ ಬಂದು ಕರೆದುಕೊಂಡು ಹೋಗುತ್ತಿದ್ದೆ. ನಡುವಿನ ಎರಡು ತಾಸು ಎಲ್ಲಾದರೂ ಚಹಾ ಕುಡಿಯುತ್ತ, ಒಳಗೆ ಅವಳ ಆ ಮುಖವನ್ನು ಯಾರು ಯಾರು ನೋಡುತ್ತಿದ್ದಾರೋ ಎಂದು ಕುದಿಯುತ್ತ ಕೂಡುತ್ತಿದ್ದೆ.

ಕಳೆದ ರವಿವಾರವೂ ಅವಳನ್ನು ಬಿಟ್ಟು ಹೊರಟಿದ್ದೆ. ಚಹಾದ ಅಂಗಡಿ ಮುಚ್ಚಿತ್ತು. ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಂತೆ. ಈಗ ನನಗೆ ಐವತ್ತೊಂಬತ್ತು, ಅವಳಿಗೆ ಐವತ್ತೈದು. ಮೇಲಿನ ಸ್ವರಕ್ಕೆ ಹೋಗುವಾಗ ಈಚೆಗೆ ದಮ್ಮು ಸಾಲುವುದಿಲ್ಲ ಎಂದು ಅವಳೇ ಮೊನ್ನೆ ಅಂದಿದ್ದಳು. ಇನ್ನೆಷ್ಟು ವರ್ಷ ಹಾಡಿಯಾಳು? ಆ ಮುಖವನ್ನು ನಾನೊಬ್ಬನೇ ನೋಡದೆ ಉಳಿದುಬಿಟ್ಟರೆ? ಹಿಂದಿನ ಬಾಗಿಲಿನಿಂದ ಕಳ್ಳನಂತೆ ಒಳಗೆ ಬಂದು ಕಂಬದ ಹಿಂದೆ ಕೂತೆ. ಮೂಲೆಯಲ್ಲಿ, ಟವೆಲು ಸುತ್ತಿದ ಕ್ಯಾಮೆರಾ ಹಿಡಿದು, ದಸ್ತಗೀರ ಕೂತಿದ್ದ.

ಎಣಿಸಲಿಲ್ಲ. ಗುಲಾಬಿ ಬೆಳಕು ಬಂತು, ಹಸಿರು ಬಂತು, ಹೋದವು. ಅವಳು ಯಾವುದೋ ಒಂದು ಸ್ವರವನ್ನು ಎತ್ತಿಕೊಂಡು ಮೇಲೆ ಹೋದಳು, ಅಲ್ಲೆಲ್ಲೋ ಸುತ್ತಾಡಿದಳು. ಇನ್ನು ಬಾರಳೇನೋ ಎನ್ನುವಾಗ ಒಂದೇ ಸಲ ಕೆಳಗೆ ಇಳಿದು ತಬಲಾದ ಪೆಟ್ಟಿನ ಮೇಲೆ ಬಂದು ನಿಂತಳು. ನನ್ನ ಕೈ ನನಗೆ ತಿಳಿಯದೆ ತೊಡೆಯ ಮೇಲೆ ಬಿತ್ತು. ಅವಳ ಮುಖ ಖಾಲಿಯಾಯಿತು. ಆ ನಗೆ ಬಂತು. ಅರ್ಧ ತೆರೆದ ಕಣ್ಣುಗಳು ನೆಟ್ಟಗೆ ನಾನಿದ್ದ ಕಡೆಗೇ ಇದ್ದವು, ಮತ್ತು ಅವಳು ನನ್ನನ್ನು ನೋಡುತ್ತಿರಲಿಲ್ಲ. ದಸ್ತಗೀರನನ್ನೂ ಅಲ್ಲ. ಯಾರನ್ನೂ ಅಲ್ಲ. ನಾನು ಏಳು ವರ್ಷ ತಪ್ಪು ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಪಾಪ, ಅವನೂ ನನ್ನಂತೆ ಹೊರಗೆ ನಿಂತು ನೋಡುವವನೇ. ಹಾಗೆಂದು ಕಿಚ್ಚು ಆರಿತು ಎಂದುಕೊಳ್ಳಬೇಡಿ. ಅವಳು ಹೋಗಿ ಬಂದ ಆ ಜಾಗದ ಮೇಲೆ ಈಗ ನನಗೆ ಹೊಟ್ಟೆ ಉರಿಯುತ್ತದೆ.

ಮುಗಿದಮೇಲೆ ದಸ್ತಗೀರ ನನ್ನನ್ನು ಕಂಡು ಓಡುತ್ತ ಬಂದ. “ಸರ್, ಒಂದು ಭಾರಿ ಸಿಕ್ಕೈತ್ರಿ, ತೋರಸ್ಲೇನು?” ಎಂದು ಕ್ಯಾಮೆರಾದ ಟವೆಲು ಬಿಚ್ಚತೊಡಗಿದ.

“ಬ್ಯಾಡ ದಸ್ತಗೀರ,” ಅಂದೆ. “ನಾ ನೋಡೀನಿ.”

ಅವನು ಟವೆಲನ್ನು ಮತ್ತೆ ಸುತ್ತಿದ. ನಾನು ವೇದಿಕೆಯ ಹಿಂದಿನ ಕೋಣೆಗೆ ಹೋದೆ. ಸುಮತಿ ತಂಬೂರಿಗೆ ಗವಸು ಹಾಕುತ್ತಿದ್ದಳು. ಹಣೆಯ ಬೆವರು ಒರೆಸಿಕೊಂಡು, ನನ್ನ ಕಾಲಿನ ಚಪ್ಪಲಿಯಿಂದ ತಲೆಯವರೆಗೆ ನೋಡಿದಳು.

“ಯಾವಾಗ ಬಂದ್ರಿ?”

“ಈಗ ಬಂದೆ,” ಅಂದೆ.