ಕಾಫಿ ಯಾರು ಮಾಡಿದ್ದು

ನೆದರ್ಲ್ಯಾಂಡ್ಸಿನ ಐಂಧೋವನ್ ಊರಿನ ಆ ಸಣ್ಣ ಕೆಫೆಯ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಕಾಫಿಯ ವಾಸನೆ. ನಮ್ಮ ಫಿಲ್ಟರ್ ಕಾಫಿಯ ಘಮವಲ್ಲ. ಚಿಕೋರಿಯ ಗಂಧಗಾಳಿಯೂ ಇಲ್ಲದ, ಕೊಂಚ ಸೀದಂತಿರುವ ಡಚ್ಚರ ಕಾಫಿ. ಈ ದೇಶಕ್ಕೆ ಬಂದ ಹೊಸದರಲ್ಲಿ ಅದನ್ನು ಕಷಾಯವೆಂದು ಹಳಿದವಳು ನಾನು. ಈಗ ಶನಿವಾರ ಬಂತೆಂದರೆ ಕಾಲು ತಾನಾಗಿಯೇ ಅತ್ತ ತಿರುಗುತ್ತದೆ. ನಾಲಿಗೆ ಬದಲಾಯಿತು ಎಂದುಕೊಳ್ಳಬೇಡಿ. ಕಾರಣ ಬೇರೆಯಿದೆ. ಅದನ್ನು ಹೇಳಬೇಕಾದರೆ ಕೆಲವು ವರ್ಷ ಹಿಂದಿನ ಒಂದು ತಟ್ಟೆ ಉಪ್ಪಿಟ್ಟಿನಿಂದ ಶುರು ಮಾಡಬೇಕು.

ಐಂಧೋವನ್ನಿನ ಪಕ್ಕದ ಬೆಸ್ಟ್ ಎಂಬ ಊರಿನಲ್ಲಿ ರತ್ನಕ್ಕ ನಮ್ಮ ಬೀದಿಯವರು. ಮೈಸೂರಿನಿಂದ ಗಂಡನ ಐಟಿ ಕೆಲಸದ ಜೊತೆ ಬಂದು ಇಲ್ಲಿಯವರೇ ಆಗಿಹೋದವರು. ಬರುವಾಗ ಮಗಳು ಚಿತ್ರಾ ಕಂಕುಳಲ್ಲಿದ್ದ ಕೂಸು. ಅವಳಿಗೆ ಮಾತು, ಲೆಕ್ಕ, ದಾರಿ ಎಲ್ಲವೂ ನಿಧಾನವಾಗಿ ಬಂದವು, ಕೆಲವು ಬರಲೇ ಇಲ್ಲ. ಬೌದ್ಧಿಕ ಅಂಗವೈಕಲ್ಯ ಎಂದರು ಡಾಕ್ಟರು. ರತ್ನಕ್ಕ ಪುಟ್ಟಿ ಎಂದರು, ಮಗಳಿಗೆ ಇಪ್ಪತ್ತು ದಾಟಿದರೂ ಪುಟ್ಟಿ ಎಂದೇ ಕರೆದರು. ಪ್ರೀತಿಗೇನೂ ಬರವಿರಲಿಲ್ಲ. ತಲೆ ಬಾಚುವುದರಿಂದ ಹಿಡಿದು ಉತ್ತರ ಕೊಡುವವರೆಗೆ ಮಗಳ ಕೆಲಸವೆಲ್ಲ ಅಮ್ಮನದೇ. "ಹೇಗಿದ್ದೀಯ ಚಿತ್ರಾ?" ಎಂದು ನಾನು ಕೇಳಿದರೆ, "ಚೆನ್ನಾಗಿದಾಳೆ ಕಣೆ" ಎಂದು ರತ್ನಕ್ಕ ಹೇಳುವರು. ಚಿತ್ರಾ ನನ್ನ ಮುಖ ನೋಡಿ ನಗುವಳು.

ವಿಶೇಷ ಮಕ್ಕಳ ಶಾಲೆ ಮುಗಿದ ಮೇಲೆ ಅವಳು ಮನೆಯಲ್ಲಿ ಕೂತಳು. ಅವಳ ಶಾಲೆಯ ಗೆಳತಿಯೊಬ್ಬಳು ಈ ಕೆಫೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಇಂಥವರೇ ಹತ್ತಾರು ಮಂದಿ ಇಲ್ಲಿ ಕೆಲಸ ಮಾಡುತ್ತಾರೆ, ಪಕ್ಕದಲ್ಲಿ ನಿಂತು ಹೇಳಿಕೊಡುವವರೂ ಇರುತ್ತಾರೆ. "ನಂಗೂ ಅಲ್ಲಿ ಕೆಲಸ ಬೇಕು" ಎಂದು ಚಿತ್ರಾ ಹಿಡಿದ ಹಟ ಬಿಡಲಿಲ್ಲ. ಅದಕ್ಕೆ ನಗರಸಭೆ, ಅಂದರೆ ಇಲ್ಲಿಯವರ ಬಾಯಲ್ಲಿ ಗೆಮೆಂಟೆ, ಒಪ್ಪಬೇಕು. ಅವರ ಕಡೆಯವರೊಬ್ಬರು ಮನೆಗೇ ಬಂದು, ಯಾವ ಸಹಾಯ ಬೇಕೆಂದು ಕೂತು ಮಾತಾಡಿ ಹೋಗುತ್ತಾರೆ. ಆ ಭೇಟಿಗೆ ಅಡುಗೆಮನೆ ಮೇಜಿನ ಮಾತುಕತೆ ಎಂದೇ ಹೆಸರು.

ಯಾರೋ ಮನೆಗೆ ಬರುತ್ತಾರೆ, ಹುಡುಗಿಯನ್ನು ನೋಡುತ್ತಾರೆ, ಹೋಗಿ ತೀರ್ಮಾನ ತಿಳಿಸುತ್ತಾರೆ. ನಮ್ಮವರಿಗೆ ಇಂಥದ್ದು ಗೊತ್ತಿರುವುದು ಒಂದೇ. ರತ್ನಕ್ಕ ಹೆಣ್ಣು ನೋಡುವ ಶಾಸ್ತ್ರಕ್ಕೆ ತಯಾರಿ ನಡೆಸಿದರು!

ರತ್ನಕ್ಕನ ಯಜಮಾನರು ಆಫೀಸಿನ ಕೆಲಸಕ್ಕೆಂದು ಜರ್ಮನಿಗೆ ಹೋಗಿದ್ದರಿಂದ ಹೆಣ್ಣಿನ ಕಡೆಯ ಹಿರಿಯಳ ಪಟ್ಟ ನನಗೆ ಬಂತು. "ನೀನೂ ರೇಷ್ಮೆ ಸೀರೆ ಉಟ್ಕೊಂಡ್ ಬಾರೆ, ಮನೆ ತುಂಬಿದ ಹಾಗಿರತ್ತೆ" ಎಂದರು. ಬುದ್ಧಿ ಹೇಳಬೇಕಾದ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಕುಚ್ಚು ಕಟ್ಟಿದ ಸೀರೆಯಲ್ಲಿ ಹೋಗಿ ಕೂತೆ. ಸೈಕಲ್ಲಿನಲ್ಲಿ ಬಂದ ಗೆಮೆಂಟೆಯ ಹೆಂಗಸು ನಮ್ಮ ಮೂವರ ಜರಿಯಂಚು ನೋಡಿ, ತಪ್ಪು ಮನೆಗೆ ಬಂದೆನೇ ಎಂದು ಬಾಗಿಲ ನಂಬರು ಇನ್ನೊಮ್ಮೆ ನೋಡಿಕೊಂಡಳು. ಮೇಜಿನ ಮೇಲೆ ಉಪ್ಪಿಟ್ಟು, ಕೇಸರಿಬಾತು, ಚಕ್ಕುಲಿ. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುವ ದೇಶದವಳು ಪಾಪ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಚಕ್ಕುಲಿಯ ಒಂದು ಸುತ್ತು ಮುರಿದುಕೊಂಡಳು.

"ಎಲ್ಲಾ ನಮ್ ಹುಡುಗೀನೇ ಮಾಡಿದ್ದು. ಕಾಫಿನೂ ಅವಳೇ" ಎಂದರು ರತ್ನಕ್ಕ. ಹೇಳಿದ್ದು ಡಚ್ಚಿನಲ್ಲಿ, ಧಾಟಿ ಮಾತ್ರ ಅಪ್ಪಟ ಮೈಸೂರಿನದು. ಬಸ್ಸಿನಲ್ಲಿ ಒಬ್ಬಳೇ ಹೋಗುತ್ತಾಳೆಯೇ? ಓ, ಹೋಗುತ್ತಾಳೆ. ಅಡುಗೆ? ಎಲ್ಲ ಬರುತ್ತದೆ. ಪ್ರಶ್ನೆ ಚಿತ್ರಾಳಿಗೆ, ಉತ್ತರ ಅಮ್ಮನದು. ನಾನೂ ಹೆಣ್ಣಿನ ಕಡೆಯವಳಲ್ಲವೇ, ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಕೊನೆಗೆ ಆಕೆ ಲ್ಯಾಪ್‌ಟಾಪ್ ಮುಚ್ಚಿ, "ಬಹಳ ಸಂತೋಷ. ಹಾಗಾದರೆ ನಮ್ಮ ಸಹಾಯ ಏನೂ ಬೇಕಾಗಿಲ್ಲ" ಎಂದಳು.

ನನ್ನ ತಲೆಯಾಟ ನಿಂತಿತು. ಸಹಾಯವಿಲ್ಲವೆಂದರೆ ಕಲಿಸುವವರಿಲ್ಲ, ಕೆಫೆಯೂ ಇಲ್ಲ. ಹುಡುಗಿ ಎಲ್ಲ ರೀತಿಯಲ್ಲೂ ಒಪ್ಪಿಗೆ, ಅದಕ್ಕೇ ಸಂಬಂಧ ಬೇಡ ಎಂದಂತಾಗಿತ್ತು.

ಆಗ ಚಿತ್ರಾ ತನ್ನ ಮುಂದಿದ್ದ ಲೋಟವನ್ನು ಆಚೆ ಸರಿಸಿದಳು. "ಕಾಫಿ ನಾನ್ ಮಾಡಿದ್ದಲ್ಲ" ಎಂದಳು. ನಮಗೂ ಆಕೆಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೊಮ್ಮೆ, ಡಚ್ಚಿನಲ್ಲೊಮ್ಮೆ. "ಅಮ್ಮ ಮಾಡಿದ್ದು. ನನ್ನನ್ನ ಸ್ಟೋವ್ ಹತ್ರ ಬಿಡಲ್ಲ. ಬಸ್ಸಲ್ಲಿ ಎಲ್ಲಿ ಇಳೀಬೇಕೋ ಗೊತ್ತಾಗಲ್ಲ. ಯಾರಾದ್ರೂ ತೋರಿಸ್ಬೇಕು. ಆದ್ರೆ ನಾನು ಅಲ್ಲಿ ಕೆಲಸ ಮಾಡ್ಬೇಕು."

"ಪುಟ್ಟೀ!" ಎಂದರು ರತ್ನಕ್ಕ.

ಆ ಹೆಂಗಸು ಕುರ್ಚಿಯನ್ನು ಚಿತ್ರಾಳ ಕಡೆಗೆ ತಿರುಗಿಸಿಕೊಂಡಳು. "ಎಷ್ಟು ದಿನ ತೋರಿಸಬೇಕು?" ಎಂದು ಕೇಳಿದಳು. ರತ್ನಕ್ಕ ಬಾಯಿ ತೆರೆದರು. "ನಾನು ಚಿತ್ರಾಳನ್ನು ಕೇಳಿದ್ದು" ಎಂದಳು ಆಕೆ, ನಗುನಗುತ್ತಲೇ. ಚಿತ್ರಾ ಯೋಚಿಸಿದಳು. ಯೋಚಿಸುತ್ತಲೇ ಇದ್ದಳು. ಇಂಥ ಮೌನ ನಮ್ಮ ಜನಕ್ಕೆ ತಡೆಯದು, ಯಾರಾದರೊಬ್ಬರು ಬಾಯಿ ಹಾಕಿಯೇ ತೀರುತ್ತೇವೆ. ನಾನು ಬಾಯಿಗೆ ಚಕ್ಕುಲಿ ತುರುಕಿಕೊಂಡೆ.

"ನಂಗೆ ಗೊತ್ತಾಗೋವರೆಗೂ" ಎಂದಳು ಚಿತ್ರಾ. ಆಕೆ ಲ್ಯಾಪ್‌ಟಾಪ್ ತೆರೆದು ಅದನ್ನೇ ಬರೆದುಕೊಂಡಳು.

ಆ ಹೆಂಗಸು ಹೋದ ಮೇಲೆ ರತ್ನಕ್ಕ ಸಿಂಕಿನ ಮುಂದೆ ನಿಂತು ಅತ್ತರು. ಮಾನ ಹೋಯಿತೆಂದು ಅಳುತ್ತಿದ್ದಾರೆ ಎಂದುಕೊಂಡೆ. "ಏನೂ ಬರಲ್ಲ ಅಂದ್ರೆ ಮಗೂನ ನಮ್ಮ ಹತ್ರ ಬಿಡದೆ ಎಲ್ಲಾದ್ರೂ ಕರ್ಕೊಂಡ್ಹೋಗ್ತಾರೇನೋ ಅಂತ ಹೆದರಿಕೆ ಕಣೆ. ಅದಕ್ಕೇ ಎಲ್ಲಾ ಬರತ್ತೆ ಅಂದೆ" ಎಂದರು. ಅಷ್ಟು ಹೊತ್ತು ಒಳಗೊಳಗೇ ನಗುತ್ತಿದ್ದ ನಾನು ಹೋಗಿ ಅವರ ಪಕ್ಕ ನಿಂತೆ. ಚಿತ್ರಾ ಬಂದು ಅಮ್ಮನ ಸೆರಗಿನಿಂದಲೇ ಅಮ್ಮನ ಕಣ್ಣೊರೆಸಿ, ಕೇಸರಿಬಾತು ಇನ್ನೂ ಇದೆಯಾ ಎಂದು ಕೇಳಿದಳು.

ಒಪ್ಪಿಗೆ ಬಂತು. ಜೊತೆಗೊಬ್ಬರು ಬಸ್ಸಿನಲ್ಲಿ ಕೂತು ಚಿತ್ರಾಳಿಗೆ ಗೊತ್ತಾಗುವವರೆಗೂ ದಾರಿ ತೋರಿಸಿದರು. ಅವಳು ಮೊದಲ ಸಲ ಒಬ್ಬಳೇ ಹೊರಟಾಗ ರತ್ನಕ್ಕ ಬಸ್ಸಿನ ಹಿಂದೆಯೇ ಕಾರಿನಲ್ಲಿ ಹೋದರು. ಅದು ಗುಟ್ಟೆಂದು ಈಗಲೂ ನಂಬಿದ್ದಾರೆ. ಈಗ ಕನ್ನಡದವರ ಯುಗಾದಿ ಊಟದಲ್ಲಿ ಯಾರಾದರೂ "ನಿಮ್ಮ ಮಗಳಿಗೆ ಹೋಳಿಗೆ ಹಾಕ್ಲಾ?" ಎಂದರೆ, "ಅವಳು ಇಲ್ಲೇ ಕೂತಿದಾಳಲ್ಲ, ಅವಳನ್ನೇ ಕೇಳಿ" ಎನ್ನುತ್ತಾರೆ. ಕೇಳಿದವರು ಮುಖ ಸಣ್ಣದು ಮಾಡಿಕೊಂಡರೂ ಬಿಡುವುದಿಲ್ಲ. ದೂರದ ಆಲ್ಮೆರೆ ಊರಿನ ಕನ್ನಡದವರ ಮನೆಯೊಂದಕ್ಕೆ ಗೆಮೆಂಟೆಯವರು ಬರುತ್ತಾರೆಂದು ತಿಳಿದು ತಾವೇ ರೈಲು ಹತ್ತಿ ಹೋಗಿದ್ದರು. "ಉಪ್ಪಿಟ್ಟು ಮಾಡ್ಬೇಡಿ. ನಿಮ್ ಹುಡುಗ ಏನ್ ಹೇಳ್ತಾನೋ ಹೇಳ್ಲಿ, ನೀವು ಮಧ್ಯೆ ಬಾಯಿ ಹಾಕ್ಬೇಡಿ" ಎಂದು ಬುದ್ಧಿ ಹೇಳಿ ಬಂದರಂತೆ. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವರು ಯಾರೆಂದು ನಾನು ಕೇಳಲಿಲ್ಲ.

ಇವತ್ತು ಶನಿವಾರ. ಕೆಫೆಯಲ್ಲಿ ರತ್ನಕ್ಕನ ಎದುರು ಕೂತಿದ್ದೇನೆ. ಇಷ್ಟು ದಿನ ಚಿತ್ರಾಳದು ಕಪ್ಪು ತಂದಿಡುವ ಕೆಲಸ. ಈ ವಾರ ಕಾಫಿಯ ಯಂತ್ರವನ್ನೂ ಅವಳ ಕೈಗೆ ಕೊಟ್ಟಿದ್ದಾರೆ. ಏಪ್ರನ್ ಕಟ್ಟಿಕೊಂಡು, ಕಪ್ಪಿನಿಂದ ಕಣ್ಣು ತೆಗೆಯದೆ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದಳು. ಬಿಸ್ಕತ್ತು ಒಂದೊಂದೇ. ಎರಡು ಕಪ್ಪನ್ನೂ ಇಟ್ಟು, ಹೋಗದೆ ನಿಂತಳು.

"ಅಮ್ಮ, ಕಾಫಿ ನಾನ್ ಮಾಡಿದ್ದು."

ರತ್ನಕ್ಕ ಒಂದು ಗುಟುಕು ಕುಡಿದರು. "ಹೂಂ ಚಿತ್ರಾ" ಎಂದರು.

ವಿಪರೀತ ಕಹಿಯಾಗಿತ್ತು. ಇಬ್ಬರೂ ಇನ್ನೊಂದೊಂದು ಕೇಳಿ ಕುಡಿದೆವು.